ಕ್ವಾಂಟಂ ಕಂಪ್ಯೂಟರ್: ಆಟಕ್ಕುಂಟು, ಲೆಕ್ಕಕ್ಕೆ ಯಾವಾಗ?

2001ರಲ್ಲಿ ಕ್ಯಾಲಿಫೋರ್ನಿಯಾದ ಐಬಿಎಂ ಅಲ್ಮಡೆನ್ ಪ್ರಯೋಗಾಲಯದಲ್ಲಿ ವಿಜ್ಞಾನಿಗಳು ಒಂದು ಲೆಕ್ಕ ಮಾಡಿದರು. ಅದಕ್ಕೆಂದೇ ತಯಾರಿಸಿದ ಅಣುಗಳ ದ್ರಾವಣವನ್ನು ಗಾಜಿನ ನಳಿಕೆಯಲ್ಲಿಟ್ಟು, ಅದರ ಮೇಲೆ ರೇಡಿಯೊ ಸ್ಪಂದನಗಳನ್ನು ಹಾಯಿಸಿ, 15ನ್ನು ಅಪವರ್ತಿಸಿದರು. ಉತ್ತರ ಸರಿಯಾಗಿಯೇ ಬಂತು: ಮೂರು, ಐದು. ಮಗ್ಗಿ ಕಲಿತ ಯಾವ ಮಗುವೂ ಹೇಳಬಲ್ಲ ಈ ಉತ್ತರ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. 2012ರಲ್ಲಿ ಇನ್ನೊಂದು ತಂಡ 21ರ ಅಪವರ್ತನಗಳನ್ನು ಕಂಡುಹಿಡಿಯಿತು. ಹನ್ನೊಂದು ವರ್ಷದಲ್ಲಿ 15ರಿಂದ 21ಕ್ಕೆ!

ನಗು ಬಂದರೆ ತಪ್ಪಲ್ಲ. ಆದರೆ ಅದೇ ಅಪವರ್ತನದ ಹೆದರಿಕೆಗೆ ಇವತ್ತು ಜಗತ್ತಿನ ಬ್ಯಾಂಕುಗಳು, ಸೇನೆಗಳು, ಸಂದೇಶ ಸೇವೆಗಳು ತಮ್ಮ ಗೂಢಲಿಪಿಯ ಬೀಗಗಳನ್ನು ಬದಲಿಸುತ್ತಿವೆ. ಇನ್ನೊಂದು ಕಡೆ ಕ್ವಾಂಟಂ ಕಂಪ್ಯೂಟರ್ ಕ್ಯಾನ್ಸರಿಗೆ ಮದ್ದು ಹುಡುಕುತ್ತದೆ, ಷೇರುಪೇಟೆಯ ನಾಡಿ ಹಿಡಿಯುತ್ತದೆ, ಊರಿನ ಟ್ರಾಫಿಕ್ ಬಿಡಿಸುತ್ತದೆ ಎಂಬ ಭರವಸೆಗಳು ದಿನಕ್ಕೊಂದರಂತೆ ಬರುತ್ತಿವೆ. ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿದ ಮೊತ್ತ 6,003 ಕೋಟಿ ರೂಪಾಯಿ ದಾಟುತ್ತದೆ. ಇಷ್ಟು ಹಣ ಹರಿಯುವಾಗ ಇದು ನಿಜಕ್ಕೂ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳಲೇಬೇಕು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬರುವ ಕೆಲಸಗಳು ಎರಡೋ ಮೂರೋ; ಅವು ಬಲು ದೊಡ್ಡವು. ಜಾಹೀರಾತಿನಲ್ಲಿ ಮಿಂಚುವ ಉಳಿದ ಕೆಲಸಗಳಲ್ಲಿ ಹೆಚ್ಚಿನವು ಈ ಯಂತ್ರದ ಜಾಯಮಾನಕ್ಕೇ ಒಗ್ಗುವುದಿಲ್ಲ.

ಮೂಲ ವಿಚಾರ ಸರಳ. 1981ರಲ್ಲಿ ಎಂಐಟಿ ಏರ್ಪಡಿಸಿದ್ದ ಸಮ್ಮೇಳನವೊಂದರಲ್ಲಿ ರಿಚರ್ಡ್ ಫೈನ್‌ಮನ್ ಒಂದು ಕೊರತೆಯನ್ನು ಎತ್ತಿ ತೋರಿಸಿದರು. ಅಣು, ಎಲೆಕ್ಟ್ರಾನುಗಳ ಲೋಕ ನಡೆಯುವುದು ಕ್ವಾಂಟಂ ನಿಯಮಗಳಿಂದ. ಆ ನಿಯಮಗಳನ್ನು ನಮ್ಮ ಕಂಪ್ಯೂಟರಿನಲ್ಲಿ ಬರೆಯಹೊರಟರೆ ಲೆಕ್ಕ ಕೈಮೀರಿ ಬೆಳೆಯುತ್ತದೆ. 50 ಕ್ಯೂಬಿಟ್‌ಗಳ, ಅಂದರೆ ಕ್ವಾಂಟಂ ಬಿಟ್‌ಗಳ, ಸ್ಥಿತಿಯನ್ನು ಪೂರ್ತಿಯಾಗಿ ಬರೆದಿಡಲು ಸುಮಾರು 1,126 ಲಕ್ಷ ಕೋಟಿ ಸಂಖ್ಯೆಗಳು ಬೇಕು. 300 ಕ್ಯೂಬಿಟ್ ಆದರೆ ಕಣ್ಣಿಗೆ ನಿಲುಕುವ ವಿಶ್ವದ ಪರಮಾಣುಗಳೆಲ್ಲ ಸೇರಿದರೂ ಸಾಲವು. ಹಾಗಿದ್ದರೆ ಲೆಕ್ಕ ಹಾಕುವ ಯಂತ್ರವನ್ನೇ ಕ್ವಾಂಟಂ ವಸ್ತುಗಳಿಂದ ಏಕೆ ಕಟ್ಟಬಾರದು ಎಂಬುದು ಫೈನ್‌ಮನ್ ಸೂಚನೆ. ನಾಲ್ಕು ವರ್ಷದ ಬಳಿಕ ಆಕ್ಸ್‌ಫರ್ಡಿನ ಡೇವಿಡ್ ಡಾಯ್ಚ್ ಅಂಥ ಯಂತ್ರದ ಗಣಿತ ಸ್ವರೂಪವನ್ನು ಬರೆದುಕೊಟ್ಟರು.

ಇಲ್ಲೇ ಒಂದು ತಪ್ಪು ಕಲ್ಪನೆ ಹುಟ್ಟಿಕೊಂಡಿದೆ. ಎಷ್ಟು ತಿದ್ದಿದರೂ ಹೋಗುತ್ತಿಲ್ಲ. ಕ್ವಾಂಟಂ ಕಂಪ್ಯೂಟರ್ ‘ಎಲ್ಲ ಉತ್ತರಗಳನ್ನೂ ಒಂದೇ ಸಲಕ್ಕೆ ಪರೀಕ್ಷಿಸುತ್ತದೆ’ ಎನ್ನುವುದು ಆ ಕಲ್ಪನೆ. ಪರೀಕ್ಷಿಸಿದರೂ ಪ್ರಯೋಜನವೇನು? ಅಳೆದ ಕ್ಷಣ ಕೈಗೆ ಸಿಗುವುದು ಒಂದೇ ಉತ್ತರ, ಅದೂ ಅದೃಷ್ಟದ ಮೇಲೆ. ನಿಜವಾದ ಕೌಶಲ ಇರುವುದು ವ್ಯತಿಕರಣದಲ್ಲಿ. ಕೆರೆಗೆ ಎರಡು ಕಲ್ಲು ಎಸೆದಾಗ ಅಲೆಯ ಮೇಲೆ ಅಲೆ ಬಂದು ಕೆಲವು ಕಡೆ ನೀರು ಉಬ್ಬುತ್ತದೆ, ಕೆಲವು ಕಡೆ ಸಮತಟ್ಟಾಗುತ್ತದಲ್ಲ, ಹಾಗೆ ತಪ್ಪು ಉತ್ತರಗಳ ಅಲೆಗಳು ಪರಸ್ಪರ ಅಳಿಸಿಹೋಗಿ ಸರಿ ಉತ್ತರದ ಅಲೆ ಮಾತ್ರ ಮೇಲೇಳುವಂತೆ ಹವಣಿಸಬೇಕು. ಹಾಗೆ ಹವಣಿಸಲು ಪ್ರಶ್ನೆಯ ಒಳಗೇ ಒಂದು ವಿನ್ಯಾಸ ಅಡಗಿರಬೇಕು. ಎಲ್ಲ ಪ್ರಶ್ನೆಗಳಲ್ಲೂ ಅದು ಇರುವುದಿಲ್ಲ. ಕ್ವಾಂಟಂ ಉಪಯೋಗಗಳ ಪಟ್ಟಿ ಚಿಕ್ಕದಾಗಿರುವುದಕ್ಕೆ ಮೂಲ ಕಾರಣ ಇದೇ.

ಅಂಥ ವಿನ್ಯಾಸ ಅಚ್ಚುಕಟ್ಟಾಗಿ ಸಿಕ್ಕಿದ್ದು 1994ರಲ್ಲಿ, ಬೆಲ್ ಲ್ಯಾಬ್ಸ್‌ನ ಪೀಟರ್ ಶೋರ್ ಅವರಿಗೆ. ದೊಡ್ಡ ಸಂಖ್ಯೆಯನ್ನು ಅಪವರ್ತಿಸುವ ಸಮಸ್ಯೆಯಲ್ಲಿ ಒಂದು ಆವರ್ತನೆ ಅಡಗಿದೆ. ಅದನ್ನು ಕ್ವಾಂಟಂ ಯಂತ್ರ ಬೇಗನೆ ಹಿಡಿಯಬಲ್ಲದು ಎಂದು ಅವರು ತೋರಿಸಿದರು. ಎರಡು ವರ್ಷದ ನಂತರ ಅಲ್ಲೇ ಕೆಲಸ ಮಾಡುತ್ತಿದ್ದ, ದೆಹಲಿ ಐಐಟಿಯಲ್ಲಿ ಓದಿದ ಲವ್ ಗ್ರೋವರ್ ಹುಡುಕಾಟದ ಅಲ್ಗಾರಿದಮ್ ಕೊಟ್ಟರು. ಹತ್ತು ಲಕ್ಷ ಪೆಟ್ಟಿಗೆಗಳಲ್ಲಿ ಒಂದರಲ್ಲಿರುವ ವಸ್ತುವನ್ನು ಹೆಚ್ಚುಕಡಿಮೆ ಸಾವಿರ ಹೆಜ್ಜೆಗಳಲ್ಲಿ ಹುಡುಕುವ ವಿಧಾನ ಅದು. ಈ ಎರಡು ಶೋಧಗಳ ನಡುವೆ ಅಗಾಧ ಅಂತರವಿದೆ. ಶೋರ್ ಕೊಟ್ಟ ವೇಗ, ಸಂಖ್ಯೆ ದೊಡ್ಡದಾದಷ್ಟೂ ಹಳೆಯ ಯಂತ್ರವನ್ನು ಹಿಂದೆ ಹಾಕುತ್ತ ಹೋಗುತ್ತದೆ. ಗ್ರೋವರ್ ಕೊಡುವುದು ವರ್ಗಮೂಲದಷ್ಟೇ ಉಳಿತಾಯ. ಟ್ರಾಫಿಕ್, ವೇಳಾಪಟ್ಟಿ, ಹೂಡಿಕೆ, ಸರಕು ಸಾಗಣೆ ಎಂದು ಹೇಳಲಾಗುವ ಉಪಯೋಗಗಳಲ್ಲಿ ಬಹುಪಾಲು ಈ ಎರಡನೆಯ ಬಗೆಯವು.

ವರ್ಗಮೂಲದ ಉಳಿತಾಯವೇನು ಕಡಿಮೆಯೇ? ಕಾಗದದ ಮೇಲೆ ದೊಡ್ಡದೇ. ಯಂತ್ರದ ಮುಂದೆ ನಿಂತಾಗ ಕತೆ ಬೇರೆ. ಕ್ಯೂಬಿಟ್ ಬಹಳ ನಾಜೂಕು. ಗೂಗಲ್, ಐಬಿಎಂ ಬಳಸುವ ಸೂಪರ್‌ಕಂಡಕ್ಟಿಂಗ್ ಚಿಪ್‌ಗಳನ್ನು ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟೇ ಮೇಲಿನ ತಂಪಿನಲ್ಲಿ ಇಟ್ಟರೂ ಪ್ರತಿ ಸಾವಿರ ಕ್ರಿಯೆಗಳಿಗೆ ಒಂದರಂತೆ ತಪ್ಪು ನುಸುಳುತ್ತದೆ. ಕ್ವಾಂಟಂ ಸ್ಥಿತಿಯ ನಕಲು ತೆಗೆಯುವುದು ಭೌತವಿಜ್ಞಾನದ ಪ್ರಕಾರವೇ ಅಸಾಧ್ಯ. ಹಾಗಾಗಿ ಬ್ಯಾಕಪ್ ಇಟ್ಟುಕೊಳ್ಳುವ ಮಾತಿಲ್ಲ. ನೂರಾರು ಒರಟು ಕ್ಯೂಬಿಟ್‌ಗಳನ್ನು ಒಟ್ಟು ಸೇರಿಸಿ, ತಪ್ಪುಗಳನ್ನು ಕ್ಷಣಕ್ಷಣಕ್ಕೂ ಪತ್ತೆಹಚ್ಚುತ್ತ, ಒಂದು ನಂಬಲರ್ಹ ‘ತಾರ್ಕಿಕ ಕ್ಯೂಬಿಟ್’ ಕಟ್ಟಬೇಕು. ಈ ಹಾದಿಯಲ್ಲಿ ದೊಡ್ಡ ಹೆಜ್ಜೆ ಬಿದ್ದದ್ದು 2024ರ ಡಿಸೆಂಬರಿನಲ್ಲಿ. 105 ಕ್ಯೂಬಿಟ್‌ಗಳ ವಿಲ್ಲೋ ಚಿಪ್‌ನಲ್ಲಿ ತಿದ್ದುವ ಜಾಲವನ್ನು ಒಂದೊಂದು ಹಂತ ಹಿಗ್ಗಿಸಿದಾಗಲೂ ತಪ್ಪಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂದು ಗೂಗಲ್ ತೋರಿಸಿತು. ಅಲ್ಲಿಯವರೆಗೆ ಕ್ಯೂಬಿಟ್ ಹೆಚ್ಚಿಸಿದರೆ ತಪ್ಪೂ ಹೆಚ್ಚುವ ಭಯವಿತ್ತು. ನೂರೊಂದು ಕ್ಯೂಬಿಟ್ ದುಡಿದು ಒಂದೇ ಒಂದು ತಾರ್ಕಿಕ ಕ್ಯೂಬಿಟ್ಟನ್ನು ಕಾಪಾಡಿದವು. ಆ ಚಿಪ್ ‘1ರ ಮುಂದೆ 25 ಸೊನ್ನೆಗಳಷ್ಟು ವರ್ಷದ ಲೆಕ್ಕವನ್ನು ಐದು ನಿಮಿಷದಲ್ಲಿ ಮುಗಿಸಿತು’ ಎಂಬ ಸುದ್ದಿಯೇ ಎಲ್ಲೆಡೆ ಹಬ್ಬಿತು. ಯಾರಿಗೂ ಬೇಡದ, ಯಾದೃಚ್ಛಿಕ ಸಂಖ್ಯೆಗಳನ್ನು ಉದುರಿಸುವ ಲೆಕ್ಕವದು. ಹಬ್ಬಬೇಕಿದ್ದ ಸುದ್ದಿ ತಪ್ಪು ತಿದ್ದುವ ಫಲಿತಾಂಶದ್ದು.

ತಪ್ಪು ತಿದ್ದುವ ಈ ಹೊರೆ ಹೊತ್ತ ಯಂತ್ರದಲ್ಲಿ ಒಂದೊಂದು ಕ್ರಿಯೆಯೂ ನಿಧಾನ. ಮಾಮೂಲಿ ಚಿಪ್ ನ್ಯಾನೊಸೆಕೆಂಡಿನಲ್ಲಿ ಮುಗಿಸುವ ಕೆಲಸ ಮಾಡಲು ಇದಕ್ಕೆ ಮೈಕ್ರೊಸೆಕೆಂಡುಗಳು ಬೇಕು. 2023ರಲ್ಲಿ ಟಾರ್ಸ್ಟೆನ್ ಹೋಫ್ಲರ್, ಥಾಮಸ್ ಹೇನರ್, ಮಥಿಯಾಸ್ ಟ್ರಾಯರ್ ಎಂಬ ಸಂಶೋಧಕರು ಒಂದು ಹೋಲಿಕೆ ನಡೆಸಿದರು. ಹತ್ತು ಸಾವಿರ ತಾರ್ಕಿಕ ಕ್ಯೂಬಿಟ್‌ಗಳಿರುವ, ಇನ್ನೂ ಹುಟ್ಟದ ಆದರ್ಶ ಕ್ವಾಂಟಂ ಯಂತ್ರ ಒಂದು ಕಡೆ. ಅಂಗಡಿಯಲ್ಲಿ ಸಿಗುವ ಒಂದೇ ಒಂದು ಗ್ರಾಫಿಕ್ಸ್ ಚಿಪ್ ಇನ್ನೊಂದು ಕಡೆ. ವರ್ಗಮೂಲದ ಲಾಭ ಸಾಲುವುದೇ ಇಲ್ಲ, ಘನಮೂಲವೋ ಅದಕ್ಕಿಂತ ಹೆಚ್ಚೋ ಬೇಕು ಎಂದು ಅವರ ಲೆಕ್ಕ ಹೇಳಿತು. ದೊಡ್ಡ ದತ್ತಾಂಶವನ್ನು ಯಂತ್ರದೊಳಗೆ ತುಂಬುವುದರಲ್ಲೇ ಲಾಭ ಕರಗಿಹೋಗುತ್ತದೆ. ಸಣ್ಣ ದತ್ತಾಂಶದ ಮೇಲೆ ಭಾರೀ ಲೆಕ್ಕ ನಡೆಯುವ ಕಡೆ ಮಾತ್ರ ಕ್ವಾಂಟಂಗೆ ಬೆಲೆ. ಟ್ರಾಯರ್ ಮೈಕ್ರೊಸಾಫ್ಟಿನ ಕ್ವಾಂಟಂ ವಿಭಾಗದವರು ಎನ್ನುವುದನ್ನು ಗಮನಿಸಿ. ಮಾರುವವರ ಮನೆಯೊಳಗಿಂದಲೇ ಬಂದ ಎಚ್ಚರಿಕೆ ಇದು. ಹವಾಮಾನ ಮುನ್ಸೂಚನೆ, ಬಿಗ್ ಡೇಟಾ ಎಂದು ಯಾರಾದರೂ ಕ್ವಾಂಟಂ ಹೆಸರಿನಲ್ಲಿ ಬಂದರೆ ನಾನು ಈ ಪ್ರಬಂಧವನ್ನು ನೆನಪಿಸಿಕೊಳ್ಳುತ್ತೇನೆ.

ಎದುರಾಳಿ ಸುಮ್ಮನೆ ಕೂತಿಲ್ಲ ಎನ್ನುವುದು ಇನ್ನೊಂದು ತೊಡಕು. ಗ್ರಾಹಕರಿಗೆ ಸಿನಿಮಾ, ಸರಕು ಶಿಫಾರಸು ಮಾಡುವ ಕ್ವಾಂಟಂ ಅಲ್ಗಾರಿದಮ್ ಒಂದನ್ನು 2016ರಲ್ಲಿ ಇಯೊರ್ಡಾನಿಸ್ ಕೆರೆನಿಡಿಸ್ ಮತ್ತು ಅನುಪಮ್ ಪ್ರಕಾಶ್ ಮಂಡಿಸಿದ್ದರು. ಇಂಥದ್ದನ್ನು ಮಾಮೂಲಿ ಕಂಪ್ಯೂಟರ್ ಮಾಡಲಾರದು ಎಂದು ಸಾಧಿಸುವ ಕೆಲಸವನ್ನು ಟೆಕ್ಸಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಕಾಟ್ ಆರನ್ಸನ್ ತಮ್ಮ ವಿದ್ಯಾರ್ಥಿನಿ ಎವಿನ್ ಟ್ಯಾಂಗ್‌ಗೆ ವಹಿಸಿದರು. ಸಾಧಿಸಹೊರಟ ಹದಿನೆಂಟರ ಹುಡುಗಿ 2018ರಲ್ಲಿ ಮಾಮೂಲಿ ಕಂಪ್ಯೂಟರಿನಲ್ಲೇ ಓಡುವ ವೇಗದ ವಿಧಾನವನ್ನು ಹುಡುಕಿಕೊಂಡು ಬಂದಳು! ಕ್ವಾಂಟಂ ಯಂತ್ರ ಕಲಿಕೆಯ ಎಷ್ಟೋ ಆಸೆಗಳು ಆ ಒಂದು ಪ್ರಬಂಧದಿಂದ ಕಳಚಿಬಿದ್ದವು.

ಹೀಗೇ ಮತ್ತೆ ಮತ್ತೆ ಆಗಿದೆ. 2019ರಲ್ಲಿ ಗೂಗಲ್‌ನ 53 ಕ್ಯೂಬಿಟ್‌ಗಳ ಸಿಕಮೋರ್ 200 ಸೆಕೆಂಡಿನಲ್ಲಿ ಮಾಡಿದ್ದಕ್ಕೆ ಸೂಪರ್‌ಕಂಪ್ಯೂಟರಿಗೆ ಹತ್ತು ಸಾವಿರ ವರ್ಷ ಬೇಕು ಎಂದರು. ಐಬಿಎಂ ಕೂಡಲೇ ಎರಡೂವರೆ ದಿನ ಸಾಕು ಎಂದಿತು. ಚೀನಾದ ಸಂಶೋಧಕರು ಮುಂದೆ 512 ಗ್ರಾಫಿಕ್ಸ್ ಚಿಪ್‌ಗಳಲ್ಲಿ ಅದನ್ನು ಹದಿನೈದು ಗಂಟೆಗೆ ಇಳಿಸಿದರು. 2023ರಲ್ಲಿ ಐಬಿಎಂ ತನ್ನ 127 ಕ್ಯೂಬಿಟ್‌ಗಳ ಈಗಲ್ ‘ಉಪಯುಕ್ತತೆ’ಯ ಹೊಸ್ತಿಲು ತುಳಿದಿದೆ ಎಂದಾಗ, ಕೆಲವೇ ವಾರಗಳಲ್ಲಿ ಅದೇ ಫಲಿತಾಂಶವನ್ನು ಮಾಮೂಲಿ ಕಂಪ್ಯೂಟರುಗಳಲ್ಲಿ ಪಡೆದು ತೋರಿಸಿದರು. 2025ರ ಸೆಪ್ಟೆಂಬರಿನಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕು ಐಬಿಎಂ ಯಂತ್ರದ ನೆರವಿನಿಂದ ಬಾಂಡ್ ವಹಿವಾಟಿನ ಅಂದಾಜು ಶೇ. 34ರವರೆಗೆ ಸುಧಾರಿಸಿತು ಎಂದು ಪ್ರಕಟಿಸಿತು. ತಪ್ಪುಗಳ ಗದ್ದಲವಿಲ್ಲದ ಶುದ್ಧ ಅನುಕರಣೆಯಲ್ಲಿ ಆ ಸುಧಾರಣೆ ಕಾಣಲಿಲ್ಲ. ಗದ್ದಲ ತುಂಬಿದ ನಿಜ ಯಂತ್ರದಲ್ಲಿ ಮಾತ್ರ ಕಂಡಿತು. ಯಂತ್ರದ ದೋಷವೇ ಲಾಭಕ್ಕೆ ಕಾರಣ ಎಂದಾದರೆ ಅದನ್ನು ಕ್ವಾಂಟಂ ಲಾಭ ಎನ್ನುವುದು ಹೇಗೆ? 2019ರಲ್ಲಿ ಲಿಸ್ಬನ್ನಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಡಿ-ವೇವ್ ಕಂಪನಿಯ ಕ್ವಾಂಟಂ ಯಂತ್ರದಿಂದ ಒಂಬತ್ತು ಬಸ್ಸುಗಳಿಗೆ ದಾರಿ ತೋರಿಸಿತ್ತು. ಒಂಬತ್ತು ಬಸ್ಸಿನ ದಾರಿ ಹುಡುಕಲು ನಮ್ಮ ಯಾವ ಡಿಪೊ ಮ್ಯಾನೇಜರನಿಗೂ ಕ್ವಾಂಟಂ ಬೇಕಿಲ್ಲ.

ಹಾಗಾದರೆ ಎಲ್ಲವೂ ಬುರುಡೆಯೇ? ಖಂಡಿತ ಅಲ್ಲ. ಫೈನ್‌ಮನ್ ಹೇಳಿದ ಜಾಗಕ್ಕೇ, ಅಂದರೆ ಅಣುಗಳ ಲೆಕ್ಕಕ್ಕೆ ವಾಪಸು ಹೋಗೋಣ. ದತ್ತಾಂಶ ಸಣ್ಣದು, ಲೆಕ್ಕ ಭಾರಿ. ಯಂತ್ರಕ್ಕೆ ಹೇಳಿಮಾಡಿಸಿದ ಕ್ಷೇತ್ರ. ಇದರಲ್ಲಿ ಹೆಚ್ಚು ಚರ್ಚೆಯಾಗಿರುವುದು ರೈತರ ಹೊಲಕ್ಕೆ ಸಂಬಂಧಿಸಿದ ಒಂದು ಅಣು. ಯೂರಿಯಾಗೆ ಬೇಕಾದ ಅಮೋನಿಯಾವನ್ನು ಪಣಂಬೂರಿನ ಕಾರ್ಖಾನೆಯೂ ಸೇರಿದಂತೆ ಜಗತ್ತೆಲ್ಲ ತಯಾರಿಸುವುದು ಹೇಬರ್-ಬಾಷ್ ವಿಧಾನದಿಂದ. 400ರಿಂದ 500 ಡಿಗ್ರಿ ಸೆಲ್ಸಿಯಸ್ ಬಿಸಿ, ನೂರೈವತ್ತು ಇನ್ನೂರು ವಾಯುಮಂಡಲಗಳ ಒತ್ತಡ. ಜಗತ್ತಿನ ಒಟ್ಟು ಶಕ್ತಿಯಲ್ಲಿ ಶೇ. 1ರಿಂದ 2ರಷ್ಟನ್ನು ಇದೊಂದೇ ನುಂಗುತ್ತದೆ. ಕಲಬುರಗಿಯ ತೊಗರಿ ಗಿಡದ ಬೇರಿನ ಗಂಟಿನಲ್ಲಿ ಕೂತ ರೈಜೋಬಿಯಂ ಬ್ಯಾಕ್ಟೀರಿಯಾ ಅದೇ ಕೆಲಸವನ್ನು ಮಣ್ಣಿನ ತಂಪಿನಲ್ಲಿ, ಸದ್ದಿಲ್ಲದೆ ಮಾಡುತ್ತದೆ. ಅದರ ಕೈಲಿರುವುದು ನೈಟ್ರೊಜಿನೇಸ್ ಎಂಬ ಕಿಣ್ವ. ಕಿಣ್ವದ ನಡುವೆ ಏಳು ಕಬ್ಬಿಣ, ಒಂದು ಮಾಲಿಬ್ಡಿನಂ, ಒಂಬತ್ತು ಗಂಧಕ, ಒಂದು ಇಂಗಾಲದ ಪರಮಾಣುಗಳ ಪುಟ್ಟ ಗೊಂಚಲು. ವಿಜ್ಞಾನಿಗಳ ಬಾಯಲ್ಲಿ ಅದು ಫೆಮೊಕೊ. ಅದರ ಎಲೆಕ್ಟ್ರಾನುಗಳು ಒಂದಕ್ಕೊಂದು ಎಷ್ಟು ತೊಡರಿಕೊಂಡಿವೆಯೆಂದರೆ ಸಾರಜನಕದ ಗಟ್ಟಿ ಬಂಧವನ್ನು ಅವು ಹೇಗೆ ಬಿಡಿಸುತ್ತವೆ ಎಂದು ಈಗಿನ ಕಂಪ್ಯೂಟರುಗಳಿಂದ ನಿಖರವಾಗಿ ಲೆಕ್ಕ ಹಾಕಲು ಆಗಿಲ್ಲ.

2017ರಲ್ಲಿ ಜ್ಯೂರಿಕ್‌ನ ಇಟಿಎಚ್ ಮತ್ತು ಮೈಕ್ರೊಸಾಫ್ಟಿನ ಸಂಶೋಧಕರು ಈ ಲೆಕ್ಕಕ್ಕೆ ಎಂಥ ಕ್ವಾಂಟಂ ಯಂತ್ರ ಬೇಕು ಎಂದು ಅಂದಾಜಿಸಿದರು. ಅಲ್ಗಾರಿದಮ್‌ಗಳು ಹರಿತವಾಗುತ್ತ ಬಂದು, 2021ರ ಹೊತ್ತಿಗೆ ಆ ಅಂದಾಜು ನಲವತ್ತು ಲಕ್ಷ ಒರಟು ಕ್ಯೂಬಿಟ್, ನಾಲ್ಕು ದಿನದೊಳಗಿನ ಸಮಯ ಎಂಬಲ್ಲಿಗೆ ಇಳಿಯಿತು. ಈಗಿನ ಯಂತ್ರಗಳಲ್ಲಿರುವುದು ನೂರರಿಂದ ಸಾವಿರದ ಆಸುಪಾಸು ಎನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. ಯಂತ್ರ ಬಂದ ಮರುದಿನವೇ ಅಗ್ಗದ ಗೊಬ್ಬರ ಬರುವುದೂ ಇಲ್ಲ. ಲೆಕ್ಕ ತಿಳಿಸುವುದು ಕಿಣ್ವ ಹೇಗೆ ಕೆಲಸ ಮಾಡುತ್ತದೆ ಎನ್ನುವುದರ ಒಂದು ಹಂತವನ್ನು. ಅಲ್ಲಿಂದ ಹೊಸ ಕ್ರಿಯಾವರ್ಧಕ ರೂಪಿಸಿ, ಪ್ರಯೋಗಾಲಯ ದಾಟಿಸಿ, ಕಾರ್ಖಾನೆಗೆ ತರುವ ಕೆಲಸ ರಸಾಯನವಿಜ್ಞಾನಿಗಳ ತಲೆಮಾರನ್ನೇ ಬೇಡಬಹುದು. ಕ್ಯಾಲ್‌ಟೆಕ್‌ನ ಗಾರ್ನೆಟ್ ಚಾನ್ ಮತ್ತು ಸಂಗಡಿಗರು 2023ರಲ್ಲಿ ಇನ್ನೂ ಒರಟಾದ ಪ್ರಶ್ನೆ ಎತ್ತಿದರು: ಅಣುಗಳ ಕನಿಷ್ಠ ಶಕ್ತಿಯನ್ನು ಹುಡುಕುವುದರಲ್ಲಿ ಕ್ವಾಂಟಂ ಯಂತ್ರಕ್ಕೆ ಘಾತೀಯ ಮೇಲುಗೈ ಇದೆ ಎನ್ನಲು ಪುರಾವೆ ಎಲ್ಲಿದೆ? ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ಕಾಂತೀಯ ವಸ್ತುಗಳು, ಸೂಪರ್‌ಕಂಡಕ್ಟರುಗಳು, ಬ್ಯಾಟರಿಯ ವಸ್ತುಗಳು, ಔಷಧವನ್ನು ಯಕೃತ್ತಿನಲ್ಲಿ ಒಡೆಯುವ ಪಿ450 ಕಿಣ್ವಗಳು ಇವೆಲ್ಲವುಗಳಲ್ಲಿ, ವಿಶೇಷವಾಗಿ ಅವು ಕಾಲದೊಂದಿಗೆ ಬದಲಾಗುವ ಬಗೆಯನ್ನು ಹಿಂಬಾಲಿಸುವಲ್ಲಿ, ಈ ಯಂತ್ರಕ್ಕೆ ನಿಜವಾದ ಕೆಲಸ ಇದೆ ಎಂದೇ ನನಗನಿಸುತ್ತದೆ. ಮೊದಲ ಗಿರಾಕಿಗಳು ವಸ್ತುವಿಜ್ಞಾನಿಗಳು, ಷೇರು ದಲ್ಲಾಳಿಗಳಲ್ಲ.

ಸಣ್ಣದೊಂದು ಉಪಯೋಗ ಈಗಾಗಲೇ ಕೈಗೆ ಬಂದಿದೆ. 2025ರ ಮಾರ್ಚ್‌ನಲ್ಲಿ ಕ್ವಾಂಟಿನ್ಯೂಮ್ ಕಂಪನಿಯ 56 ಕ್ಯೂಬಿಟ್‌ಗಳ ಯಂತ್ರ ಬಳಸಿ ಜೆಪಿ ಮಾರ್ಗನ್ ಬ್ಯಾಂಕಿನ ತಂಡ 71,313 ಬಿಟ್‌ಗಳಷ್ಟು ಯಾದೃಚ್ಛಿಕತೆಯನ್ನು ಪಡೆಯಿತು. ಇದನ್ನು ಮೊದಲೇ ಯಾರೂ ಬರೆದಿಟ್ಟಿರಲಿಲ್ಲ ಎಂದು ಗಣಿತದಿಂದ ಪ್ರಮಾಣೀಕರಿಸಬಹುದು. ಚೀಟಿ ಎತ್ತುವಲ್ಲಿ, ಗೂಢಲಿಪಿಯಲ್ಲಿ ಇದಕ್ಕೆ ಬೆಲೆಯಿದೆ. ಪ್ರಮಾಣೀಕರಿಸಲು ಮಾತ್ರ ಜಗತ್ತಿನ ದೈತ್ಯ ಸೂಪರ್‌ಕಂಪ್ಯೂಟರುಗಳು ದುಡಿಯಬೇಕಾಯಿತು. ಕ್ವಾಂಟಂ ಸಂವೇದಕಗಳ ಕತೆ ಇನ್ನೂ ನೆಮ್ಮದಿಯದು: ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2022ರಲ್ಲಿ ಗುರುತ್ವವನ್ನು ಅಳೆಯುವ ಸಂವೇದಕದಿಂದ ನೆಲದಡಿಯ ಸುರಂಗವೊಂದನ್ನು ಮೇಲಿನಿಂದಲೇ ಪತ್ತೆಹಚ್ಚಿದರು. ಅದು ಕಂಪ್ಯೂಟರ್ ಅಲ್ಲ, ಆದ್ದರಿಂದ ಇಲ್ಲಿಗೆ ಬಿಡುತ್ತೇನೆ.

ಈಗ ಬೀಗಗಳ ವಿಷಯ. ಆರ್‌ಎಸ್‌ಎ ಎಂಬ ಗೂಢಲಿಪಿಯ ಬಲವೆಲ್ಲ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವನ್ನು ಬಿಡಿಸುವ ಕಷ್ಟದಲ್ಲಿದೆ. 2048 ಬಿಟ್‌ಗಳ ಸಂಖ್ಯೆ ಎಂದರೆ 617 ಅಂಕಿಗಳು. ಆಧಾರ್ ದೃಢೀಕರಣದ ಮಾಹಿತಿ ಸಾಗುವುದೂ ಈ ಅಳತೆಯ ಬೀಗದಲ್ಲೇ. 2019ರಲ್ಲಿ ಸಂಶೋಧಕರಾದ ಕ್ರೇಗ್ ಗಿಡ್ನಿ ಮತ್ತು ಮಾರ್ಟಿನ್ ಎಕೆರೊ ಇದನ್ನು ಎಂಟು ಗಂಟೆಯಲ್ಲಿ ಒಡೆಯಲು ಎರಡು ಕೋಟಿ ಒರಟು ಕ್ಯೂಬಿಟ್ ಬೇಕು ಎಂದು ಲೆಕ್ಕ ಹಾಕಿದ್ದರು. 2025ರ ಮೇನಲ್ಲಿ ಗಿಡ್ನಿ ಅದನ್ನು ಹತ್ತು ಲಕ್ಷಕ್ಕಿಂತ ಕೆಳಗೆ, ಒಂದು ವಾರದೊಳಗೆ ಎಂದು ಪರಿಷ್ಕರಿಸಿದರು. ಯಂತ್ರ ಒಂದು ಕ್ಯೂಬಿಟ್ಟೂ ಬೆಳೆಯದೆ, ಬರೀ ತಲೆ ಓಡಿಸಿದ್ದರಿಂದ ಇಪ್ಪತ್ತು ಪಟ್ಟು ಇಳಿದದ್ದು. ಅಂಥ ಯಂತ್ರ ಬರಲು ಇನ್ನೂ ಹತ್ತು ವರ್ಷವೋ ಇಪ್ಪತ್ತೋ ಬೇಕೆಂದೇ ಇಟ್ಟುಕೊಳ್ಳಿ. ಇವತ್ತು ಸಾಗುವ ಸಂದೇಶಗಳನ್ನು ಕದ್ದು ಕೂಡಿಟ್ಟುಕೊಂಡು ಯಂತ್ರ ಬಂದ ದಿನ ತೆರೆಯುವವರಿಗೆ ಆತುರವೇನೂ ಇಲ್ಲ. ರಾಜತಾಂತ್ರಿಕ ಪತ್ರ, ರಕ್ಷಣಾ ವಿನ್ಯಾಸ, ರೋಗಿಯ ದಾಖಲೆ ಇಪ್ಪತ್ತು ವರ್ಷ ಗುಟ್ಟಾಗಿರಬೇಕು ಎಂದಾದರೆ ಅದು ಈಗಲೇ ಅಪಾಯದಲ್ಲಿದೆ.

ಇದಕ್ಕೆ ಮದ್ದು ಹೊಸ ಗಣಿತ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2016ರಲ್ಲಿ ಜಾಗತಿಕ ಸ್ಪರ್ಧೆ ಕರೆದು, ವರ್ಷಗಟ್ಟಲೆ ಜಾಲಾಡಿ, 2024ರ ಆಗಸ್ಟಿನಲ್ಲಿ ಮೂರು ಹೊಸ ಮಾನಕಗಳನ್ನು ಹೊರಡಿಸಿತು. ಜಾಲಾಡಿದ್ದು ಸಾರ್ಥಕ: ಕೊನೆಯ ಸುತ್ತುಗಳವರೆಗೆ ಬಂದಿದ್ದ ಸೈಕ್ ಎಂಬ ವಿಧಾನವನ್ನು 2022ರಲ್ಲಿ ಬೆಲ್ಜಿಯಂನ ಇಬ್ಬರು ಗಣಿತಜ್ಞರು ಸಾಧಾರಣ ಕಂಪ್ಯೂಟರಿನ ಒಂದೇ ಕೋರ್ ಬಳಸಿ ಸುಮಾರು ಒಂದು ಗಂಟೆಯಲ್ಲಿ ಮುರಿದುಹಾಕಿದ್ದರು. ಸಿಗ್ನಲ್ ಆ್ಯಪ್ 2023ರಲ್ಲಿ, ಆ್ಯಪಲ್‌ನ ಐಮೆಸೇಜ್ 2024ರಲ್ಲಿ ಕ್ವಾಂಟಂ-ನಿರೋಧಕ ಬೀಗಕ್ಕೆ ಬದಲಾದವು. ಕ್ರೋಮ್ ಬ್ರೌಸರ್ ಕೂಡ. ಅಂದರೆ ಕ್ವಾಂಟಂ ಕಂಪ್ಯೂಟರಿನ ಮೊದಲ ವ್ಯಾಪಕ ಪರಿಣಾಮ ನಿಮ್ಮ ಜೇಬಿನ ಫೋನಿನಲ್ಲಿ ಆಗಿಹೋಗಿದೆ, ಯಂತ್ರ ಹುಟ್ಟುವ ಮೊದಲೇ. ಫೋಟಾನುಗಳ ಮೂಲಕ ಕೀಲಿ ಹಂಚುವ ಕ್ವಾಂಟಂ ವಿಧಾನವೂ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅದರ ಬಗ್ಗೆ ಒಳ್ಳೆಯ ಕೆಲಸ ನಡೆದಿದೆ, 2021ರಲ್ಲಿ ಇಸ್ರೊ 300 ಮೀಟರ್ ದೂರಕ್ಕೆ ಅದನ್ನು ಪ್ರದರ್ಶಿಸಿತು. ವಿಜ್ಞಾನವಾಗಿ ಸುಂದರ, ಆದರೆ ಪ್ರತಿ ತುದಿಗೂ ವಿಶೇಷ ಉಪಕರಣ ಬೇಡುವ ಅದು ಊರೂರಿಗೆ ಹಂಚುವ ಮದ್ದಲ್ಲ.

ನಮ್ಮ ಊರಿನ ಮಾತಿಗೆ ಬರೋಣ. ರಾಷ್ಟ್ರೀಯ ಮಿಷನ್‌ನ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಂ ಕಂಪ್ಯೂಟಿಂಗ್‌ನ ಹೊಣೆ ಭಾರತೀಯ ವಿಜ್ಞಾನ ಸಂಸ್ಥೆಯದು. ಬೆಂಗಳೂರಿನ ಕ್ಯೂಪೈಎಐ ಕಂಪನಿ 2025ರಲ್ಲಿ 25 ಕ್ಯೂಬಿಟ್‌ಗಳ ಸೂಪರ್‌ಕಂಡಕ್ಟಿಂಗ್ ಯಂತ್ರವನ್ನು ಹೊರತಂದಿತು. ರಾಜ್ಯ ಸರ್ಕಾರ 1,000 ಕೋಟಿ ರೂಪಾಯಿಯ ಮಿಷನ್ ಪ್ರಕಟಿಸಿ, ಹೆಸರಘಟ್ಟದಲ್ಲಿ ಕ್ಯೂ-ಸಿಟಿಗೆ 6.17 ಎಕರೆ ಗುರುತಿಸಿದೆ. 2035ಕ್ಕೆ 2,000 ಕೋಟಿ ಡಾಲರಿನ ಕ್ವಾಂಟಂ ಆರ್ಥಿಕತೆ ಗುರಿ ಎನ್ನುತ್ತದೆ. 25 ಕ್ಯೂಬಿಟ್‌ಗಳ ಸ್ಥಿತಿಯನ್ನು ಪೂರ್ತಿ ಅನುಕರಿಸಲು ಅರ್ಧ ಗಿಗಾಬೈಟ್ ಮೆಮೊರಿ ಸಾಕು, ಮನೆಯ ಲ್ಯಾಪ್‌ಟಾಪ್ ಮಾಡುತ್ತದೆ. ಇದನ್ನು ಹೀಯಾಳಿಸಲು ಹೇಳುತ್ತಿಲ್ಲ. ಚಿಪ್ ಕೆತ್ತುವುದು, ಮೈಕ್ರೊವೇವ್ ನಿಯಂತ್ರಣ, ಅತಿಶೀತಲ ಯಂತ್ರಗಳ ಪಳಗಿಕೆ, ತಪ್ಪು ತಿದ್ದುವ ಸಂಕೇತಗಳ ಗಣಿತ ಇವೆಲ್ಲ ಕಟ್ಟಿಯೇ ಕಲಿಯಬೇಕಾದವು. ಹಣ ಅಂಥ ಕೈಗಳನ್ನು ತಯಾರು ಮಾಡಲು ಹೋದರೆ ಒಂದು ಪೈಸೆಯೂ ದಂಡವಲ್ಲ. ಡಾಲರ್ ಗುರಿ ಮಾತ್ರ ನನಗೆ ಗಾಳಿಗೋಪುರವಾಗಿ ಕಾಣುತ್ತದೆ. ಐಬಿಎಂ ಕಂಪನಿಯೇ 200 ತಾರ್ಕಿಕ ಕ್ಯೂಬಿಟ್‌ಗಳ ಯಂತ್ರವನ್ನು 2029ಕ್ಕೆ ಕೊಡುತ್ತೇನೆ ಎನ್ನುತ್ತಿರುವಾಗ, ಅದರ ಮೇಲೆ ಮಾರುಕಟ್ಟೆ ಕಟ್ಟುವ ಲೆಕ್ಕವನ್ನು ಇಷ್ಟು ಗಟ್ಟಿಯಾಗಿ ಹೇಳುವುದು ಅವಸರ.

ಅವಸರ ಮಾಡಲೇಬೇಕಾದ ಕೆಲಸ ಬೇರೆ ಇದೆ, ಅದಕ್ಕೆ ಕ್ವಾಂಟಂ ಯಂತ್ರ ಬೇಡ. ‘ಭೂಮಿ’ ಯೋಜನೆಯ ಪಹಣಿಯಿಂದ ಹಿಡಿದು ಬ್ಯಾಂಕಿನ ಸಾಲಪತ್ರದವರೆಗೆ ಈಗ ಡಿಜಿಟಲ್ ಸಹಿಯೇ ಪ್ರಮಾಣ. ಈ ದಾಖಲೆಗಳು ಮೊಮ್ಮಕ್ಕಳ ಕಾಲಕ್ಕೂ ನಿಲ್ಲಬೇಕು. ಸಹಿಯ ಹಿಂದಿನ ಕೀಲಿ ಮುರಿದ ದಿನ ಹಳೆಯ ತಾರೀಖಿನ ಸುಳ್ಳು ಪಹಣಿ ಸೃಷ್ಟಿಸುವುದು ಕಷ್ಟವಲ್ಲ. ನಿಸ್ಟ್‌ನ ಕರಡು ವೇಳಾಪಟ್ಟಿಯ ಪ್ರಕಾರ ಈಗಿನ 2048 ಬಿಟ್ ಆರ್‌ಎಸ್‌ಎ 2030ರ ನಂತರ ಬಳಕೆ ಬಿಡಬೇಕಾದವುಗಳ ಪಟ್ಟಿಗೆ ಸರಿಯುತ್ತದೆ, 2035ರ ನಂತರ ಪೂರ್ತಿ ನಿಷಿದ್ಧ. ಒಂದು ದೊಡ್ಡ ಇಲಾಖೆಯ ಗೂಢಲಿಪಿ ಬದಲಿಸಲು ಇದು ಹೆಚ್ಚಿನ ಕಾಲವೇನಲ್ಲ. ಯಾವ ತಂತ್ರಾಂಶದ ಒಳಗೆ ಯಾವ ಬೀಗ ಕೂತಿದೆ ಎಂಬ ಪಟ್ಟಿ ಮಾಡುವುದಕ್ಕೇ ವರ್ಷಗಳು ಬೇಕು. ನೀವು ಬ್ಯಾಂಕಿನಲ್ಲೋ, ಆಸ್ಪತ್ರೆಯಲ್ಲೋ, ಸರ್ಕಾರದ ತಂತ್ರಾಂಶ ವಿಭಾಗದಲ್ಲೋ ದುಡಿಯುವವರಾಗಿದ್ದರೆ ಆ ಪಟ್ಟಿ ಶುರುವಾಗಿದೆಯೇ ಎಂದು ಮುಂದಿನ ಸಭೆಯಲ್ಲೇ ಕೇಳಿ.